ಅರಿಶಿಣದ ಕೆಳಗಿನ ಕೆಂಪು

ಬೈಲಹೊಂಗಲದ ಆ ಓಣಿಯಲ್ಲಿ ಸೋಮವ್ವ ತನ್ನ ಸೊಸೆಯನ್ನು ಹೊಗಳಲು ಬಾಯಿ ತೆರೆದರೆ ಮೊದಲು ಬರುತ್ತಿದ್ದದ್ದು ಅರಿಶಿಣದ ಮಾತು.

"ಈಗಿನ ಹುಡಿಗೇರು ಮಂಗಳವಾರ ಶುಕ್ರವಾರ ಸುದ್ಧಾ ಮಾರಿಗೆ ಅರಿಶಿಣ ಮುಟ್ಟಸೂದಿಲ್ಲ, ಪೌಡರ್ ಬಡಕೋತಾರ. ನಮ್ಮ ರಾಚಿನ್ನ ನೋಡ್ರಿ, ದಿನಾ ಹಚ್ಚಕೋತಾಳ. ಒಂದ್ ದಿನಾನೂ ತಪ್ಪಿಸಿದಾಕಿ ಅಲ್ಲ!"

ಒಳಗೆ ಒಲೆಯ ಮುಂದೆ ಕುಳಿತ ರಾಚವ್ವ ಇದನ್ನು ಕೇಳಿ ತಲೆ ಇನ್ನಷ್ಟು ತಗ್ಗಿಸುತ್ತಿದ್ದಳು. ಹೊಗಳಿದರೆ ನಾಚಿಕೊಳ್ಳುವ ಹುಡುಗಿ ಎಂದು ಓಣಿಯವರು ತಿಳಿದಿದ್ದರು. ಆ ಅರಿಶಿಣ ಯಾವುದನ್ನು ಮುಚ್ಚಿದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಮದುವೆಯಾಗಿ ತೊರಗಲ್ಲಿನಿಂದ ಈ ಮನೆಗೆ ಬಂದ ಮೊದಲ ವರ್ಷ, ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದರು. ಕಡಬು, ಸಜ್ಜಿ ರೊಟ್ಟಿ, ಎಣಗಾಯಿ ಎಲ್ಲವನ್ನೂ ಭೂಮಿತಾಯಿಗೆ ಚೆಲ್ಲುತ್ತ, ತಾವೂ ಉಣ್ಣುತ್ತ ದಿನವಿಡೀ ಬಯಲಲ್ಲಿ ಕಳೆದರು. ಮರುದಿನ ನಸುಕಿನಲ್ಲಿ ಕನ್ನಡಿ ಹಿಡಿದ ರಾಚವ್ವ ಅದನ್ನು ಬಾಗಿಲ ಬೆಳಕಿಗೆ ಒಯ್ದು ಮತ್ತೆ ನೋಡಿದಳು. ಮೂಗಿನ ದಿಣ್ಣೆಯಿಂದ ಎರಡೂ ಕೆನ್ನೆಗಳ ಮೇಲೆ ಹರಡಿದ ಕೆಂಪು, ಯಾರೋ ಎರಡೂ ಕಡೆ ಕಪಾಳಕ್ಕೆ ಹೊಡೆದಂತೆ ಕಾಣುತ್ತಿತ್ತು. ತವರಿನಲ್ಲಿದ್ದಾಗಲೂ ಒಮ್ಮೆ ಹೀಗೇ ಆಗಿತ್ತು. ಆಗ ಅವ್ವ ಸತ್ಯವ್ವ, "ಬೆವರಿನ ಕಾವು, ಹೋಗತೈತಿ" ಎಂದಿದ್ದಳು. ಹೋಗಿಯೂ ಇತ್ತು. ಈ ಸಲ ಹೋಗಲಿಲ್ಲ. ಹೊಸ ಸೊಸೆಯ ಮುಖದಲ್ಲಿ ಕಲೆ ಕಂಡರೆ ಮಂದಿ ಏನಂದಾರು? ಅರಿಶಿಣದ ಕೊಂಬು ತೇಯ್ದು ದಪ್ಪಗೆ ಬಳಿದುಕೊಂಡಳು. ಅತ್ತೆ ನೋಡಿ, "ಲಕ್ಷಣ ಅಂದ್ರ ಹಿಂಗಿರಬೇಕು" ಎಂದಳು. ಅಂದಿನಿಂದ ಬಿಡುವ ಹಾಗೇ ಇರಲಿಲ್ಲ.

ಮುಖವನ್ನೇನೋ ಮುಚ್ಚಬಹುದು, ಕೈಯನ್ನು ಮುಚ್ಚುವುದು ಹೇಗೆ? ಬೆಳಗಿನ ಜಾವ ಬೆರಳುಗಳು ಮಡಚಲು ಬರುತ್ತಿರಲಿಲ್ಲ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕುಳಿತರೆ ರೊಟ್ಟಿ ಹರಡದೆ ಅಲ್ಲಲ್ಲೇ ಗಂಟು ನಿಲ್ಲುತ್ತಿತ್ತು.

"ಏನವಾ, ರೊಟ್ಟಿ ಮಾಡಿಯೋ ಸೆಗಣಿ ಕುಳ್ಳು ತಟ್ಟಿಯೋ?" ಎಂದು ಸೋಮವ್ವ ನಗುತ್ತಿದ್ದಳು. ನಗುವಿನಲ್ಲಿ ಮುಳ್ಳೂ ಇರುತ್ತಿತ್ತು. ಗಂಡ ಮಹಾಂತಪ್ಪ ಮಾತ್ರ ಗಂಗಾಳಕ್ಕೆ ಬಿದ್ದದ್ದನ್ನು ಹಾಲಿನಲ್ಲಿ ನೆನೆಸಿ ಉಂಡು ಏಳುತ್ತಿದ್ದ. ಏಳುವ ಮುನ್ನ ಅರ್ಧ ರೊಟ್ಟಿ ಗಂಗಾಳದಲ್ಲಿ ಬಿಡುತ್ತಿದ್ದ. ಆ ಮನೆಯಲ್ಲಿ ಹೆಂಡತಿ ಗಂಡ ಉಂಡ ಗಂಗಾಳದಲ್ಲೇ ಉಣ್ಣುವುದು ನಡೆದುಬಂದ ರೀತಿ. ಅವನು ಬಿಟ್ಟ ಆ ಅರ್ಧ ರೊಟ್ಟಿಯಿಂದಲೇ ಅವಳ ಊಟ ಶುರುವಾಗುತ್ತಿತ್ತು. ಇಬ್ಬರೂ ಮಾತು ಕಡಿಮೆಯವರು. ಮದುವೆಯಾದ ಹೊಸತರಲ್ಲಿ ಅವರ ನಡುವೆ ನಡೆದ ಸಂಭಾಷಣೆಯೆಂದರೆ ಬಹುಪಾಲು ಆ ಅರ್ಧ ರೊಟ್ಟಿಯೇ.

ಮಹಾಂತಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ದರ ಹೇಳುವುದರಲ್ಲಿ ಗಟ್ಟಿಗ. ಮಾದರಿ ಹತ್ತಿಯ ಗಂಟು ಹಿಡಿದು ಗದಗ, ಹುಬ್ಬಳ್ಳಿ, ಸೊಲ್ಲಾಪುರ ಎಂದು ತಿರುಗುವವ. ಊರೂರಲ್ಲಿ ವಸತಿ.

ಮೊದಲ ಬಸಿರು ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಯಿತು. ಎರಡನೆಯದು ನಿಂತಾಗ ಸೋಮವ್ವ ಓಣಿಯನ್ನೆಲ್ಲ ಕರೆದು ಕುಬಸ ಮಾಡಿದಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿಯಲ್ಲಿ ಕೊಬ್ಬರಿ ಬಟ್ಟಲು. ಎಲ್ಲ ಆಗಿ ಅಮಾವಾಸ್ಯೆ ಕಳೆಯುವಷ್ಟರಲ್ಲಿ ಅದೂ ಹೋಯಿತು. ಹಸಿರು ಬಳೆಗಳು ಕೈಯಲ್ಲಿ ಹಾಗೇ ಇದ್ದವು. ಅವು ಸದ್ದು ಮಾಡಿದಾಗಲೆಲ್ಲ ರಾಚವ್ವಳಿಗೆ ತಾನು ಎಲ್ಲರಿಗೂ ಏನೋ ಸುಳ್ಳು ಹೇಳಿ ಉಣಿಸಿ ಕಳಿಸಿದಂತೆ ಅನಿಸುತ್ತಿತ್ತು.

ಊರಿನ ದವಾಖಾನೆಯೊಂದರಲ್ಲಿ ರಕ್ತ ತೆಗೆದರು. ಪರೀಕ್ಷೆಯ ಫಲಿತಾಂಶ ಬಂದ ದಿನ ನರ್ಸಬಾಯಿ ಬಾಗಿಲಲ್ಲೇ ನಿಂತು, ಬಾಕಿನ ಮೇಲೆ ಕುಳಿತ ಹೆಂಗಸರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಗಂಡನ್ನ ಕರಕೊಂಡು ಬಾರವಾ. ಇಬ್ಬರೂ ಸೂಜಿ ಮಾಡಿಸ್ಕೋಬೇಕಂತ. ರಕ್ತದಾಗ ಗರ್ಮಿ ಐತಿ."

ಗರ್ಮಿ ಎಂದರೆ ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಕೆಟ್ಟ ದಾರಿ ತುಳಿದವರಿಗೆ ಬರುವ ರೋಗ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ಕೂಸನ್ನು ಎತ್ತಿ ಇನ್ನೊಂದು ತೊಡೆಗೆ ಹಾಕಿಕೊಂಡಳು. ರಾಚವ್ವ ಮನೆಗೆ ಹೇಗೆ ನಡೆದು ಬಂದಳೋ ಅವಳಿಗೇ ತಿಳಿಯದು.

ಮಹಾಂತಪ್ಪ ಡಾಕ್ಟರರನ್ನು ಕಂಡು ಬಂದ ಸಂಜೆ ಪಡಸಾಲೆಯಲ್ಲಿ ಅವ್ವನ ಮುಂದೆ ಕುಳಿತ. ರಾಚವ್ವ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ಏನಂತೋ? ಕೂಸು ಯಾಕ ನಿಲ್ಲವಲ್ದಂತ?" ಎಂದಳು ಸೋಮವ್ವ.

"ತಪ್ಪು ನಂದವ್ವಾ," ಎಂದ ಅವನು. "ಊರೂರು ತಿರಗತೇನಿ. ಆಗೈತಿ. ಇನ್ನ ಕೇಳಬ್ಯಾಡ" ಎಂದ.

ಸೋಮವ್ವ ಹಣೆ ಹಣೆ ಬಡಿದುಕೊಂಡಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವ ಮಾಡುವ ಕೆಲಸವೇ ಇದು ಎಂದು ಅತ್ತಳು. ಮರುದಿನದಿಂದ ಮಗನಿಗೆ ಅಂಚು ಸೊಟ್ಟಾದ ಹಳೆಯ ಗಂಗಾಳವೊಂದನ್ನು ಬೇರೆ ಇಟ್ಟಳು, ನೀರಿನ ತಂಬಿಗೆಯನ್ನೂ ಬೇರೆ ಮಾಡಿದಳು. ಅವನ್ನು ತೊಳೆದು ಗೋಡೆಯ ಮಾಡದಲ್ಲಿ ಒಂಟಿಯಾಗಿ ಬೋರಲು ಹಾಕಬೇಕು. ಮಹಾಂತಪ್ಪ ಸೊಟ್ಟ ಗಂಗಾಳದಲ್ಲಿ ಉಂಡ. ದವಾಖಾನೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡ. ಏಳುವಾಗ ಎಂದಿನಂತೆ ಅರ್ಧ ರೊಟ್ಟಿ ಬಿಟ್ಟ.

ರಾಚವ್ವ ಆ ರೊಟ್ಟಿಯನ್ನು ಮುಟ್ಟಲಿಲ್ಲ. ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ಎಸೆದಳು. ಮರುದಿನವೂ ಎಸೆದಳು. ಹಾಸಿಗೆಯನ್ನು ಅತ್ತೆಯ ಬದಿಗೆ ಎಳೆದುಕೊಂಡಳು. ಇವನಿಂದಾಗಿ ನಾನು ಹೊಲಸಾದೆ, ಇವನಿಂದ ನನ್ನ ಕೂಸುಗಳು ಹೋದವು ಎಂಬ ಮಾತು ಎದೆಯಲ್ಲಿ ಕುದಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕೆನ್ನೆಯ ಕೆಂಪು ಈಗ ಅವಳಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಅವಳು ತಿಳಿದಳು. ರಕ್ತದಲ್ಲಿದ್ದ ಆ ಹೊಲಸೇ ಮುಖಕ್ಕೆ ಬಂದು ನಿಂತಿದೆ. ಕಂಡವರು ಕಂಡಕೂಡಲೇ ಗುರುತಿಸುತ್ತಾರೆ. ಅರಿಶಿಣದ ಲೇಪ ಇನ್ನೂ ದಪ್ಪವಾಯಿತು.

ಅವಳೂ ಚುಚ್ಚಿಸಿಕೊಂಡ ಸೂಜಿಗಳು ಮುಗಿದರೂ ಜೀವ ಹಗುರಾಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಅದನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕುತ್ತಿದ್ದಳು. ಬಾಯೊಳಗೆ ಹುಣ್ಣೆದ್ದು ಖಾರ ಸೋಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬೇಸಿಗೆಯ ಕಡೆಗೆ ಪಾದಗಳು ಬಾತು, ಕಾಲುಂಗುರ ಬೆರಳಲ್ಲಿ ಹೂತುಹೋಯಿತು. ಅದನ್ನು ಮೊದಲು ಕಂಡವನು ಮಹಾಂತಪ್ಪ. ತಲೆ ತಗ್ಗಿಸಿ ಉಣ್ಣುವವನಿಗೆ ಬಡಿಸುವವಳ ಪಾದವಲ್ಲದೆ ಇನ್ನೇನು ಕಂಡೀತು?

"ನಾಳೆ ಹುಬ್ಬಳ್ಳಿಗೆ ಹೋಗೂಣು. ದೊಡ್ಡ ದವಾಖಾನಿಗೆ," ಎಂದ.

"ನಾ ಒಲ್ಲೆ."

"ಒಲ್ಲೆ ಅಂದ್ರ ಹೊತಗೊಂಡು ಹೋಗತೇನಿ. ಓಣಿ ಮಂದಿ ನೋಡಿ ನಗಲಿ."

ಹೊತ್ತುಕೊಂಡು ಹೋಗುವವನೇ ಎಂದು ಅವನ ಮುಖ ನೋಡಿ ಅವಳಿಗೆ ಗೊತ್ತಾಯಿತು. ಹೊರಟಳು.

ಹುಬ್ಬಳ್ಳಿಯಲ್ಲಿ ನೋಡಿದವರು ಮೈಸೂರು ಕಡೆಯ ಒಬ್ಬ ಡಾಕ್ಟರಮ್ಮ. ಕನ್ನಡಕ ಹಾಕಿದ, ಮೆಲುದನಿಯ ಹೆಂಗಸು. ಸುತ್ತಲೂ ಬಿಳಿ ಕೋಟಿನ ಕಲಿಯುವ ಹುಡುಗರು. ಡಾಕ್ಟರಮ್ಮ ರಾಚವ್ವಳ ಬೆರಳಿನ ಗಿಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಬೆಳಿಗ್ಗೆ ಎದ್ದ ತಕ್ಷಣ ಕೈ ಮಡಚೋಕಾಗುತ್ತಾ?"

"ಇಲ್ರಿ."

"ಕೂದಲು ಉದುರುತ್ತಾ? ಬಾಯಲ್ಲಿ ಹುಣ್ಣು?"

ಹೌದೆಂದು ತಲೆಯಾಡಿಸಿದಳು. ಯಾರೂ ಕೇಳದ ಸಂಗತಿಗಳನ್ನು ಈಕೆ ಮನೆಯಲ್ಲಿದ್ದು ನೋಡಿದವರಂತೆ ಕೇಳುತ್ತಿದ್ದಾರಲ್ಲ ಎಂದು ಅಂಜಿಕೆಯಾಯಿತು.

"ಬಿಸಿಲಿಗೆ ಹೋದರೆ ಮುಖ ಏನಾದರೂ ಕೆಂಪಗಾಗುತ್ತಾ?"

ರಾಚವ್ವ ಸೆರಗು ಮುಂದೆ ಎಳೆದುಕೊಂಡಳು. ಮಹಾಂತಪ್ಪನೇ ಹೇಳಿದ: "ಅದೇನೂ ಇಲ್ರಿ ಬಾಯಾರ. ದಿನಾ ಅರಿಶಿಣ ಹಚ್ಚಕೋತಾಳ್ರಿ, ಮಾರಿ ಛಲೋ ಐತ್ರಿ."

ಡಾಕ್ಟರಮ್ಮ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಸೋಪು ಅಲ್ಲಿದೆ. ಮುಖ ತೊಳ್ಕೊಂಡು ಬಾ ತಾಯಿ."

ರಾಚವ್ವ ಅಲುಗಲಿಲ್ಲ. ಗಂಡ ಎದುರಿಗೆ ಕುಳಿತಿರುವಾಗ ಮುತ್ತೈದೆ ಅರಿಶಿಣ ತೊಳೆಯುವುದೇ? ಅದು ಸಾವಿನ ಮನೆಯಲ್ಲಿ ಮಾಡುವ ಕೆಲಸ. ಇನ್ನೊಂದು ಅಂಜಿಕೆ ಇದಕ್ಕಿಂತ ದೊಡ್ಡದಿತ್ತು. ತೊಳೆದರೆ ಆ ಹೊಲಸು ಇಷ್ಟು ಮಂದಿಯ ಮುಂದೆ ಬತ್ತಲೆಯಾಗುತ್ತದೆ.

"ಬ್ಯಾಡ್ರಿ," ಎಂದಳು. "ಗುಳಿಗಿ ಕೊಡ್ರಿ ಸಾಕು. ಊರಿಗೆ ಹೋಗತೇನ್ರಿ."

ಹುಡುಗರಲ್ಲೊಬ್ಬ ನಕ್ಕ. ಡಾಕ್ಟರಮ್ಮ ಅವನತ್ತ ತಿರುಗಿ, "ಎಲ್ಲ ಹೊರಗೆ ನಿಂತಿರಿ" ಎಂದರು. ಅವರು ಹೋದ ಮೇಲೂ ಅವಳು ಏಳಲಿಲ್ಲ. ಆಗ ಮಹಾಂತಪ್ಪ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತುಂಬಿ ತಂದ.

"ಏಳು. ನಾ ಇನ್ನೂ ಗಟ್ಟಿಮುಟ್ಟಾಗಿ ನಿಂತೇನಿ, ಏನೂ ಆಗೂದಿಲ್ಲ. ನಾನ ನೀರು ಹಾಕತೇನಿ, ತೊಕ್ಕೊ."

ಮೋರಿಯ ಮುಂದೆ ಅವಳು ಬಾಗಿದಳು, ಅವನು ನೀರು ಹಾಕಿದ. ಸೋಪಿನ ನೊರೆ ಹಳದಿಯಾಗಿ ಇಳಿದು ಹೋಯಿತು. ಮತ್ತೆ ಉಜ್ಜಿದಳು. ಕೆನ್ನೆ ಉರಿಯಿತು. ಸೆರಗಿನಿಂದ ಒರೆಸಿಕೊಂಡು ತಲೆ ಎತ್ತಿದಾಗ ಮಹಾಂತಪ್ಪನ ಕೈಯಲ್ಲಿದ್ದ ತಂಬಿಗೆ ಹಾಗೇ ಸೊಟ್ಟಗೆ ನಿಂತು ನೀರು ಅವನ ಧೋತರದ ಮೇಲೆ ಸುರಿಯುತ್ತಿತ್ತು. ಅವನು ನೋಡುತ್ತಲೇ ಇದ್ದ. ಎರಡು ವರ್ಷ ಒಂದೇ ಸೂರಿನಡಿ ಇದ್ದು ತಾನು ಕಾಣದಿದ್ದ ಮುಖವನ್ನು ನೋಡುತ್ತಿದ್ದ. ಅವಳಿಗೆ ನೆಲ ಬಾಯಿ ತೆರೆಯಬಾರದೇ ಎನಿಸಿತು.

ಡಾಕ್ಟರಮ್ಮ ಮಾತ್ರ ಹತ್ತಿರ ಬಂದು, ಅಸಹ್ಯವಿಲ್ಲದೆ, ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಮೂಗಿನ ಮೇಲಿನಿಂದ ಎರಡೂ ಕೆನ್ನೆಗೆ ರೆಕ್ಕೆ ಬಿಚ್ಚಿದಂತಿದ್ದ ಕೆಂಪಿನ ಅಂಚಿನಲ್ಲಿ ಬೆರಳಾಡಿಸಿದರು. ಮೂಗಿನ ಪಕ್ಕದಿಂದ ತುಟಿಯ ಕಡೆಗೆ ಇಳಿಯುವ ಗೆರೆಯನ್ನಷ್ಟೇ ಕೆಂಪು ಬಿಟ್ಟಿತ್ತು.

"ಇದನ್ನ ಯಾಕಮ್ಮ ಮುಚ್ಚಿಟ್ಟೆ? ಮೊದಲೇ ಯಾರಾದರೂ ನೋಡಿದ್ದರೆ..." ಎಂದವರು ಮಾತು ನುಂಗಿಕೊಂಡರು. "ಈ ಮೊದಲು ರಕ್ತ ಪರೀಕ್ಷೆ ಏನಾದರೂ ಆಗಿತ್ತಾ?"

ಮಹಾಂತಪ್ಪ ನೆಲ ನೋಡುತ್ತ ಗರ್ಮಿಯ ಮಾತು ಹೇಳಿದ, ಸೂಜಿಯ ಮಾತು ಹೇಳಿದ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅವಳನ್ನು ಅಲ್ಲೇ ದಾಖಲು ಮಾಡಿಕೊಂಡು ಇಬ್ಬರ ರಕ್ತವನ್ನೂ ಮತ್ತೆ ತೆಗೆದರು. ಒಂದಷ್ಟನ್ನು ಬೇರೊಂದು ಪರೀಕ್ಷೆಗೆಂದು ಮುಂಬಯಿಗೆ ಕಳಿಸಿದರು.

ಮುಂಬಯಿಯ ಉತ್ತರ ಬಂದ ದಿನ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು. ರೋಗಕ್ಕೆ ಉದ್ದನೆಯ ಹೆಸರಿತ್ತು. ಕೊನೆಗೆ ಲೂಪಸ್ ಎಂದರೆ ಸಾಕು ಎಂದರು. ಮೈಯನ್ನು ಕಾಯಬೇಕಾದ ರಕ್ತವೇ ತಿರುಗಿ ಮೈಯ ಮೇಲೆ ಬೀಳುವ ರೋಗ. ಗಿಣ್ಣು, ಕೂದಲು, ಬಾಯಿ, ಈಗ ಮೂತ್ರಪಿಂಡ, ಎಲ್ಲವೂ ಅದರದೇ ಕೆಲಸ. ಬಿಸಿಲು ಬಿದ್ದರೆ ಕೆರಳುತ್ತದೆ. ಬಸಿರು ನಿಲ್ಲದಿದ್ದದ್ದೂ ಬಹುಶಃ ಅದರಿಂದಲೇ.

"ಮತ್ತ ಆ ಗರ್ಮಿ?" ಎಂದ ಮಹಾಂತಪ್ಪ.

"ಅದು ಇಲ್ಲ. ಇಬ್ಬರಿಗೂ ಇರಲಿಲ್ಲ. ಲೂಪಸ್ ಇದ್ದವರ ರಕ್ತ ಕೆಲವು ಸಲ ಆ ಪರೀಕ್ಷೆಯಲ್ಲಿ ಸುಳ್ಳು ಹೇಳಿಬಿಡುತ್ತೆ. ಮುಖ ಕಂಡಿದ್ದರೆ ಯಾರಿಗಾದರೂ ಸಂಶಯ ಬರ್ತಿತ್ತು. ಅರಿಶಿಣದಿಂದಾಗಿ ಕಾಣಲಿಲ್ಲ." ಆಮೇಲೆ ರಾಚವ್ವಳ ಕಡೆ ತಿರುಗಿದರು. "ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲಮ್ಮ. ಹಿಡಿದಿಡಬಹುದು. ಗುಳಿಗೆ ಒಂದು ದಿನಾನೂ ಬಿಡಬಾರದು. ಅದರಿಂದ ಮುಖ ಸ್ವಲ್ಪ ಊದುತ್ತೆ, ಹೆದರಬೇಡ. ಸದ್ಯಕ್ಕೆ ಬಸಿರು ಬೇಡ. ಆಮೇಲೆ ನೋಡೋಣ."

ರಾಚವ್ವಳಿಗೆ ಕೊನೆಯ ಮಾತುಗಳು ಸರಿಯಾಗಿ ಕೇಳಿಸಲಿಲ್ಲ. ಇಬ್ಬರಿಗೂ ಇರಲಿಲ್ಲ ಎಂಬಲ್ಲೇ ಅವಳು ನಿಂತುಬಿಟ್ಟಿದ್ದಳು.

ತಿರುಗಿ ಬರುವಾಗ ಕಿತ್ತೂರಿನ ಸ್ಟ್ಯಾಂಡಿನಲ್ಲಿ ಬೈಲಹೊಂಗಲದ ಬಸ್ಸಿಗೆ ಕಾಯಬೇಕಾಯಿತು. ಮಹಾಂತಪ್ಪ ಹುಬ್ಬಳ್ಳಿಯಲ್ಲಿ ಕೊಂಡಿದ್ದ ಕರಿ ಛತ್ರಿಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟ. ಕಡ್ಲೆಕಾಯಿ ತಿನ್ನುತ್ತಿದ್ದ ಮಂದಿ ಮೋಡವಿಲ್ಲದ ಆಕಾಶವನ್ನೂ ಛತ್ರಿಯನ್ನೂ ನೋಡಿದರು.

"ಲೂಪಸ್," ಎಂದ ಅವನು, ನಾಲಿಗೆಯ ಮೇಲೆ ತೂಗಿ ನೋಡುವಂತೆ. "ಯಾವುದೋ ಹೊಸಾ ಹತ್ತಿ ತಳಿ ಬಂದಂಗ ಐತಿ ಹೆಸರು."

ಅವಳು ನಗಲಿಲ್ಲ. ಛತ್ರಿಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು: "ನೀವು ಅತ್ತಿ ಮುಂದ ತಪ್ಪು ನಿಮ್ಮದ ಅಂತ ಯಾಕ ಅಂದ್ರಿ?"

"ಮತ್ತೇನಂತಿದ್ದೆ? ರಕ್ತದಾಗ ಐತಿ ಅಂದಮ್ಯಾಲ ಇಬ್ಬರೊಳಗ ಒಬ್ಬರದು ತಪ್ಪು. ನಂದಲ್ಲ ಅಂದ್ರ ನಿಂದಾತು. ಗಂಡಸು ಮಾಡಿದ್ರ ಮಂದಿ ನಾಕ ದಿನ ನಗತಾರ, ಬಿಡತಾರ. ನಿನ್ನ ಹೆಸರು ಬಂದಿದ್ರ ನಿಮ್ಮವ್ವ ತೊರಗಲ್ಲದಾಗ ನೀರಿಗೆ ಹೋಗಾಕ ಆಗತಿತ್ತೇನು?"

"ನನ್ನ ಮ್ಯಾಲ ಅನುಮಾನ ಬರಲಿಲ್ಲೇನ್ರಿ?"

ಅವನು ಬೆರಳಲ್ಲಿ ಇಲ್ಲದ ಹತ್ತಿಯನ್ನು ಎಳೆಯುವವನಂತೆ ಎರಡು ಬೆರಳು ತಿಕ್ಕಿದ. "ಬಂತು. ಬರಲಿಲ್ಲ ಅಂದ್ರ ಸುಳ್ಳಾಕ್ಕೈತಿ. ಒಂದಿಷ್ಟು ದಿನ ಹೊಟ್ಟಿಗೆ ಕೂಳು ಸೇರಲಿಲ್ಲ. ಆಮ್ಯಾಲ, ಇಕಿ ಮಾತಾಡಾಕ ಅಂಜತಾಳ, ಇಕಿ ಏನ್ ಮಾಡ್ಯಾಳು ಅಂತ ಬಿಟ್ಟೆ." ಆಮೇಲೆ ಸಣ್ಣಗೆ ನಕ್ಕ. "ನಿನಗ ನನ್ನ ಮ್ಯಾಲ ಬಂದಿದ್ದು ನಮ್ಮ ಎಮ್ಮಿಗೆ ಗೊತ್ತೈತಿ. ಅರ್ಧರ್ಧ ರೊಟ್ಟಿ ತಿಂದು ಹೆಂಗ ಮೈತುಂಬಕೊಂಡೈತಿ ನೋಡಿಯಲ್ಲ?"

ಅವನಿಗೆ ಗೊತ್ತಿತ್ತು. ಎಮ್ಮೆಗೆ ಹೋಗುತ್ತದೆಂದು ಗೊತ್ತಿದ್ದೂ ಪ್ರತಿ ಊಟಕ್ಕೆ ಅರ್ಧ ರೊಟ್ಟಿ ಬಿಟ್ಟಿದ್ದ. ಅವಳು ಛತ್ರಿಯನ್ನು ಇಳಿಸಿ ಮುಖಕ್ಕೆ ಮರೆ ಮಾಡಿಕೊಂಡಳು. ದವಾಖಾನೆಯ ಬಾಗಿಲಲ್ಲಿ ನರ್ಸಬಾಯಿ ಕೂಗಿದಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ. ಅಂದಿನದು ತಾನು ಮಾಡದ ತಪ್ಪಿನ ನಾಚಿಕೆ. ಇದು ಹಾಗಲ್ಲ, ಇದನ್ನು ಹೊರಿಸಲು ಇನ್ನೊಬ್ಬರಿಲ್ಲ.

"ಅವ್ವಗ ಏನೂ ಹೇಳಬ್ಯಾಡ," ಎಂದ ಅವನು ಬಸ್ಸು ಕಂಡಾಗ. "ಜೀವನಪರ್ಯಂತ ಬ್ಯಾನಿ, ಕೂಸು ಸದ್ಯಕ್ಕಿಲ್ಲ ಅಂದ್ರ ನಿನ್ನ ತವರಿಗೆ ಕಳಸೂ ಮಾತು ತಗೀತಾಳ. ನನಗ ಇನ್ನೊಂದು ಹೆಣ್ಣು ನೋಡ್ತಾಳ. ತಪ್ಪು ನನ್ನ ಮ್ಯಾಲ ಇರಲಿ ಬಿಡು. ಸೊಟ್ಟ ಗಂಗಾಳ ರೂಢಿ ಆಗೈತಿ."

ಆ ಮಾತು ಅವಳಿಗೆ ದಾರಿಯುದ್ದಕ್ಕೂ ನೆರಳಿನ ಹಾಗೆ ಹಿತವಾಗಿತ್ತು, ಅದನ್ನು ತಾನು ಬಯಸುತ್ತಿದ್ದೇನೆಂಬುದೇ ಅವಳನ್ನು ತಿನ್ನುತ್ತಿತ್ತು. ಸುಮ್ಮನಿದ್ದರಾಯಿತು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ.

ಮರುದಿನ ಮುಂಜಾನೆ ಜಳಕ ಮಾಡಿ, ಅರಿಶಿಣದ ಬಟ್ಟಲಿನ ಮುಂದೆ ಬಹಳ ಹೊತ್ತು ಕುಳಿತಳು. ಬೆರಳು ಅದ್ದಿದಳು. ಒರೆಸಿದಳು. ಹಣೆಗೆ ವಿಭೂತಿ ಕುಂಕುಮ ಇಟ್ಟುಕೊಂಡು, ಬರಿ ಕೆನ್ನೆಯಲ್ಲೇ ಪಡಸಾಲೆಗೆ ಬಂದಳು. ಸೋಮವ್ವ ಮಜ್ಜಿಗೆ ಕಡೆಯುತ್ತಿದ್ದಳು.

"ಅಯ್ಯ ನಮ್ಮವ್ವಾ! ಏನಿದು ಬರೇ ಮಾರೀಲೆ ಬಂದೀ, ಗಂಡ ಮನ್ಯಾಗಿರೂ ಹೊತ್ತಿನ್ಯಾಗ... ಮಾರಿಗೇನಾತ?"

"ಅತ್ತೀ, ನಿಮಗೊಂದ್ ಮಾತು ಹೇಳೂದೈತ್ರಿ."

ಮೂಲೆಯಲ್ಲಿ ಕುಳಿತಿದ್ದ ಮಹಾಂತಪ್ಪ ಬೇಡವೆಂದು ಕಣ್ಣಲ್ಲೇ ಹೇಳಿದ. ಅವಳು ಅವನತ್ತ ನೋಡದೆ ಕಂಬ ಹಿಡಿದು ಹೇಳತೊಡಗಿದಳು.

"ಇದು ಬ್ಯಾರೆ ಬ್ಯಾನಿ ಐತ್ರಿ. ಮೊದಲಿಂದ ನನ್ನ ಮೈಯಾಗ ಇತ್ರಿ. ನಾ ಅರಿಶಿಣ ಹಚ್ಚಿ ಮುಚ್ಚಿಟ್ಟೆ, ಅದಕ್ಕ ಯಾರಿಗೂ ತಿಳೀಲಿಲ್ಲ. ರಕ್ತದಾಗ ಗರ್ಮಿ ಇದ್ದಿದ್ದಿಲ್ರಿ. ಅವರು... ಅವರು ಏನೂ ಮಾಡಿಲ್ರಿ. ನನ್ನ ಹೆಸರು ಕೆಡಬಾರದಂತ ತಮ್ಮ ಮ್ಯಾಲ ಹಾಕ್ಕೊಂಡಾರ. ನಾನೂ ಖರೇನ ಅಂತ ನಂಬಿದ್ದೆ. ಈ ಬ್ಯಾನಿ ಹೋಗೂದಲ್ರಿ. ಕೂಸಿನ ಮಾತು ಈಗ ಹೇಳಾಕ ಬರೂದಿಲ್ಲ. ನೀವು ತವರಿಗೆ ಹೋಗು ಅಂದ್ರ ಹೋಗತೇನ್ರಿ."

ಹುಟ್ಟಿದಂದಿನಿಂದ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿರಲಿಲ್ಲ. ಕಡಗೋಲು ನಿಂತಿತ್ತು.

"ಬ್ಯಾನಿ ಮುಚ್ಚಿಟ್ಟು ಮದಿವಿ ಮಾಡಿದ್ರೇನು ನಿಮ್ಮ ಮನ್ಯಾವರು?" ಎಂದಳು ಸೋಮವ್ವ ಒರಟಾಗಿ.

"ಇಲ್ರಿ. ಅವ್ವಗ ಗೊತ್ತಿಲ್ಲ. ಮುಚ್ಚಿಟ್ಟಾಕಿ ನಾ ಒಬ್ಬಾಕಿ."

"ನಾ ಓಣಿ ತುಂಬ ಹೇಳಕೋತ ಬಂದೆ. ನನ್ನ ಸೊಸಿ ಅರಿಶಿಣ, ನನ್ನ ಸೊಸಿ ಅರಿಶಿಣ ಅಂತ..." ಸೋಮವ್ವ ಕಡಗೋಲು ಬಿಟ್ಟಳು. ಮಗನ ಕಡೆ ತಿರುಗಿ, "ನೀನರ ಒಂದ್ ಮಾತು ಹೇಳಬಾರದೇನೋ, ಬಾಯಿ ಸತ್ತವನ! ಹೆತ್ತಾಕಿ ಕೈಲೆ ಬ್ಯಾರೆ ಗಂಗಾಳ ಇಡಿಸ್ಕೊಂಡು ಉಂಡಿಯಲ್ಲೋ!" ಎಂದಳು.

ಅವಳು ಎದ್ದಳು. ಮಾಡದಲ್ಲಿ ಬೋರಲಾಗಿದ್ದ ಸೊಟ್ಟ ಗಂಗಾಳವನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಬೂದಿ ಹಾಕಿ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ಒಳಗೆ ತಂದು ಉಳಿದ ಗಂಗಾಳಗಳ ನಡುವೆ ಸೇರಿಸಿಟ್ಟಳು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಲೆಯ ಮುಂದೆ ಕುಳಿತು ತಾನೇ ರೊಟ್ಟಿ ಬಡಿಯತೊಡಗಿದಳು. "ಪಲ್ಯಾ ಖಾರ ಐತಿ, ಹುಣ್ಣಿನ ಬಾಯಿಗೆ ಬ್ಯಾಡ. ಬ್ಯಾಳಿಗೆ ಖಾರ ಹಾಕಿಲ್ಲ," ಎಂದಳು ಗೋಡೆಗೆ ಹೇಳುವಂತೆ.

ಮಹಾಂತಪ್ಪ ಉಂಡು ಎದ್ದ. ಅರ್ಧ ರೊಟ್ಟಿ ಗಂಗಾಳದಲ್ಲಿತ್ತು.

ರಾಚವ್ವ ಅದರ ಮುಂದೆ ಕುಳಿತಳು. ಹಿತ್ತಲಲ್ಲಿ ಎಮ್ಮೆ ಹೊತ್ತು ಮೀರಿತೆಂದು ಒಮ್ಮೆ ಒದರಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವನು ಹಿಂದಿರುಗಿ ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು. ತಲೆ ಎತ್ತುವ ಧೈರ್ಯವಾಗಲಿಲ್ಲ. ಬಾತ ಬೆರಳುಗಳಲ್ಲಿ ರೊಟ್ಟಿಯನ್ನು ಮುರಿಯಲು ಹೋದಳು, ಮುರಿಯಲಿಲ್ಲ. ಹಾಗೇ ಇಡಿಯಾಗಿ ಎತ್ತಿ, ಬರಿ ಮುಖವನ್ನು ಗಂಗಾಳದ ಮೇಲೆ ಬಾಗಿಸಿ, ಕಚ್ಚಿದಳು.